ಸೋಡಾ ಅಂಗಡಿಯ ಸುದ್ದಿ

ನಾನು ಚಿಕ್ಕವಳಿದ್ದಾಗ ಶಿವಮೊಗ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಪತ್ರಿಕೆ ಅಚ್ಚಾಗುತ್ತಿತ್ತು. ತಾತ ಒಂದೇ ಯಂತ್ರದಿಂದ ಶುರುಮಾಡಿದ ಪತ್ರಿಕೆ ಅದು. ಅಪ್ಪ ಅದರ ಸಂಪಾದಕರು. ಅಕ್ಕ ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು. ಅನ್ನಕ್ಕೂ ಶಾಯಿಯ ವಾಸನೆ. ಯಾರು ಏನು ಹೇಳಿದರೂ ಅಪ್ಪನಿಗೆ ಮೊದಲು ಅನುಮಾನ. ‘ಮಳೆ ಬಂತು’ ಅಂದರೂ ಅಂಗಳಕ್ಕೆ ಹೋಗಿ ಕೈಚಾಚಿ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಭದ್ರಾವತಿಯಿಂದ ಕಾಗದ ಬಂತು. ಅಲ್ಲಿನ ಸೋಡಾ ಅಂಗಡಿಯವರು ಬಾಟಲಿಗೆ ಚರಂಡಿ ನೀರು ತುಂಬಿಸುತ್ತಾರೆ, ಕುಡಿದ ಇಬ್ಬರು ಮಕ್ಕಳು ಆಸ್ಪತ್ರೆ ಸೇರಿದ್ದಾರೆ ಎಂದು ಅದರಲ್ಲಿತ್ತು. ಕೆಳಗೆ ಸಹಿ ಇರಲಿಲ್ಲ.

“ಬಸ್‌ಸ್ಟ್ಯಾಂಡಲ್ಲಿ ಎಲ್ಲರೂ ಇದನ್ನೇ ಹೇಳ್ತಿದಾರೆ. ಇವತ್ತೇ ಹಾಕಿಬಿಡೋಣ ಅಪ್ಪ,” ಎಂದಳು ಅಕ್ಕ.

“ಹೇಳೋರು ಎಲ್ಲರೂ ಇದಾರೆ. ನೋಡಿದೋರು ಯಾರು?” ಎಂದ ಅಪ್ಪ, ಶಾಲೆಗೆ ರಜೆಯಿದ್ದ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಅಂಗಡಿಯ ಮುಂದೆಲ್ಲ ಗಾಜಿನ ಚೂರು. ಯಾರೋ ಕಲ್ಲು ಹೊಡೆದಿದ್ದರು. ಗುಡಿಸುತ್ತಿದ್ದ ಅಂಗಡಿಯವರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. “ನೀವೂ ತಮಾಷೆ ನೋಡೋಕೆ ಬಂದ್ರಾ?” ಎಂದರು. ಆದರೂ ನನ್ನ ಕೈಗೊಂದು ಗೋಲಿ ಸೋಡಾ ಕೊಟ್ಟರು. ತಣ್ಣನೆಯ ಬಾಟಲಿಯೊಳಗೆ ಏಳುತ್ತಿದ್ದ ಗುಳ್ಳೆಗಳು ನನಗೆ ಹುಳುಗಳಂತೆ ಕಂಡವು. ಮೆಲ್ಲಗೆ ಕೆಳಗಿಟ್ಟೆ. ಅವರು ಅದನ್ನು ನೋಡಿ, ಮತ್ತೆ ಗುಡಿಸತೊಡಗಿದರು.

ಅಪ್ಪನೂ ಅವರನ್ನು ನಂಬಲಿಲ್ಲ. ಹಿತ್ತಲ ಬಾವಿಗೆ ಬಗ್ಗಿ ನೋಡಿದರು. ನೀರಿನ ಪೈಪು ಎಲ್ಲಿಂದ ಬರುತ್ತದೆಂದು ಅದರ ಜೊತೆಗೇ ನಡೆದರು. ನೀರು ಬಾವಿಯದೇ. ಆಮೇಲೆ ಆಸ್ಪತ್ರೆಯಲ್ಲಿ ವಿಚಾರಿಸಿ ಆ ಮಕ್ಕಳ ಮನೆಗೂ ಹೋದೆವು.

“ಸೋಡಾನಾ? ನಮ್ಮ ಮಕ್ಕಳು ಅದನ್ನ ಮುಟ್ಟೇ ಇಲ್ಲ ಮಾರಾಯ್ರೆ,” ಎಂದರು ಅವರ ತಾಯಿ. “ಮಾವಿನಕಾಯಿ ತಿಂದು ತಿಂದು ಹೊಟ್ಟೆ ಕೆಡಿಸ್ಕೊಂಡ್ರು. ನಮ್ಮನ್ನ ಯಾರೂ ಕೇಳಲೇ ಇಲ್ವಲ್ಲ!”

ಅಂಗಡಿಗೆ ಮರಳಿ, ಬೀದಿಯವರೆಲ್ಲ ನೋಡುತ್ತಿರುವಂತೆ, ಅಪ್ಪ ಎರಡು ಸೋಡಾ ಕೇಳಿದರು. ನಾನು ಗಟಗಟ ಕುಡಿದೆ. ನಾಚಿಕೆಗೋ ಸೋಡಾದ ಚುರುಕಿಗೋ, ಕಣ್ಣಲ್ಲಿ ನೀರು ಬಂತು.

ಮೊದಲ ಪುಟಕ್ಕೆ ನಾವು ಕಂಡುಬಂದ ನಿಜ ಸುದ್ದಿಯನ್ನು ಅಕ್ಕನೇ ಜೋಡಿಸಿದಳು. ಜನ ಒಮ್ಮೆಲೇ ನಂಬಲಿಲ್ಲ. ಅಂಗಡಿಗೆ ಮತ್ತೆ ಗಿರಾಕಿಗಳು ಬರಲು ಮುಂದಿನ ಬೇಸಿಗೆಯೇ ಬರಬೇಕಾಯಿತು. ಕಾಗದ ಬರೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಮಕ್ಕಳೇ, ನಿಮ್ಮ ಫೋನಿನ ಸುದ್ದಿ ಒಂದು ಬೆರಳು ತಾಗಿಸಿದರೆ ಸಾಕು, ಊರೂರು ದಾಟುತ್ತದೆ. ನಾವು ಬಸ್ಸಿಗೆ ಕಾಯಬೇಕಿತ್ತು. ಕಾಯುವಾಗ ‘ಇದು ನಿಜವಾ?’ ಎಂದು ಕೇಳಿಕೊಳ್ಳಲು ಹೊತ್ತಿತ್ತು. ನಿನ್ನೆ ಆಲ್ಕೊಳದ ಬೇಕರಿಯೊಂದರ ಬಗ್ಗೆ ಕೆಟ್ಟ ಮೆಸೇಜು ಬಂದಾಗ, ಮುಂದೆ ಕಳಿಸುವ ಮೊದಲು ನೀವು ನನ್ನ ಮುಖ ನೋಡಿದಿರಿ. ನಾನು ಚಪ್ಪಲಿ ಮೆಟ್ಟಿಕೊಂಡೆ. ನೀವೂ ನನ್ನ ಹಿಂದೆ ಬೇಕರಿಗೆ ಹೊರಟಿರಿ.