ಲೋಟದ ಗುಳ್ಳೆ ಮತ್ತು ನಮ್ಮ ಯಾಕಮ್ಮ ಮೇಡಂ

ವಿಜ್ಞಾನವನ್ನು ಬಾಯಿಪಾಠದಿಂದ ಬಿಡಿಸಿ ಮಕ್ಕಳ ಕಣ್ಣಿಗೂ ಕೈಗೂ ಒಪ್ಪಿಸಿದ ಶಿಕ್ಷಕರ ಅಗ್ರಪಂಕ್ತಿಯಲ್ಲಿ ನಿಲ್ಲುವವರು, ಮೂವತ್ತೈದು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಶಾಲೆಯ ಹಿರಿಯ ವಿಜ್ಞಾನ ಶಿಕ್ಷಕಿ. ಯಾವ ಉತ್ತರ ಕೊಟ್ಟರೂ ‘ಯಾಕೆ?’ ಎಂದು ಮತ್ತೆ ಕೇಳುವ ಅವರಿಗೆ ಮಕ್ಕಳು ಇಟ್ಟ ಹೆಸರು ಯಾಕಮ್ಮ. ಅದು ಅವರ ಕಿವಿಗೂ ಬಿದ್ದು, ಯಾರು ಇಟ್ಟರು, ಯಾಕೆ ಇಟ್ಟರು ಎಂದು ಅವರು ವಿಚಾರಿಸಿದ್ದೂ ಉಂಟು.

ಅವರ ಗುಣಗಾನ ಮಾಡಲು ನನಗಿಂತ ಸಮರ್ಥರು ಈ ಅಭಿನಂದನಾ ಸಂಪುಟದಲ್ಲಿದ್ದಾರೆ. ನಾನು ಹೇಳಬಲ್ಲದ್ದು ನನ್ನ ಮಾನ ಹೋದ ಪ್ರಸಂಗವನ್ನು ಮಾತ್ರ.

ಹದಿನೆಂಟು ವರ್ಷಗಳ ಹಿಂದೆ ನಾನಿಲ್ಲಿ ಹೊಸ ಶಿಕ್ಷಕ. ಕೆಲಸ ಕಾಯಂ ಆಗಬೇಕಾದರೆ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತು ನನ್ನದೊಂದು ಪಾಠ ನೋಡಿ ವರದಿ ಬರೆಯಬೇಕಿತ್ತು. ನಾನು ಆರಿಸಿಕೊಂಡದ್ದು ಗಾಳಿಯ ಒತ್ತಡ. ನೀರು ತುಂಬಿದ ಲೋಟದ ಬಾಯಿಗೆ ರಟ್ಟು ಮುಚ್ಚಿ ಬೋರಲು ಹಿಡಿದರೆ, ಕೆಳಗಿನ ಗಾಳಿ ರಟ್ಟನ್ನು ಒತ್ತಿ ಹಿಡಿಯುತ್ತದೆ, ನೀರು ಬೀಳುವುದಿಲ್ಲ. ಮನೆಯ ಸ್ಟೀಲ್ ಲೋಟದಲ್ಲಿ ವಾರವಿಡೀ ಮಾಡಿ ನೋಡಿದ್ದೆ. “ಇವತ್ತು ನೆಲ ಒರೆಸೋದು ತಪ್ಪಿಸ್ದೆ, ಪರವಾಗಿಲ್ಲ ಕಣೋ” ಎಂದು ಅಕ್ಕನೇ ಪಾಸು ಮಾಡಿದ್ದಳು. ತರಗತಿಯಲ್ಲಿ ಮಾತ್ರ, ನೀರು ಮಕ್ಕಳಿಗೆ ಕಾಣಲೆಂದು, ಪ್ರಯೋಗಾಲಯದ ಗಾಜಿನ ಲೋಟ ತಂದೆ. ವಿಜ್ಞಾನದ ಮೇಲೆ ನಂಬಿಕೆ ಇರಬೇಕೆಂದು ಭಾಷಣ ಬಿಗಿದು, ಲೋಟವನ್ನು ನನ್ನ ತಲೆಯ ಮೇಲೇ ಬೋರಲು ಹಿಡಿದು ರಟ್ಟಿನಿಂದ ಕೈ ತೆಗೆದೆ.

ಎರಡು ಕ್ಷಣ ನಿಂತಿತು. ಮೂರನೆಯದಕ್ಕೆ ನೀರೆಲ್ಲ ನೆತ್ತಿ, ಕನ್ನಡಕ, ಇಸ್ತ್ರಿ ಮಾಡಿದ ಅಂಗಿ ದಾಟಿ ಹಾಜರಿ ಪುಸ್ತಕಕ್ಕೆ ಇಳಿಯಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಎದ್ದು ನಿಂತವಳು ಎರಡನೇ ಬೆಂಚಿನ ಒಬ್ಬ ಹುಡುಗಿ.

“ಸರ್, ಲೋಟದ ಪಕ್ಕದಲ್ಲಿ...”

“ಸಾಕು, ಕೂತ್ಕೋ” ಎಂದು ಗದರಿದೆ. ಕೆಲಸ ಹೋಯಿತೆಂಬ ಸಿಟ್ಟನ್ನೆಲ್ಲ ಆ ಮಗುವಿನ ಮೇಲೆ ತೀರಿಸಿಕೊಂಡೆ.

ಮೇಡಂ ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತರು. “ಏನು ನೋಡ್ದೆ, ಹೇಳಮ್ಮ.”

“ಪಕ್ಕದಿಂದ ಸಣ್ಣ ಸಣ್ಣ ಗುಳ್ಳೆ ಒಳಗೆ ಹೋಗ್ತಿತ್ತು ಮೇಡಂ. ಆಮೇಲೇ ನೀರು ಬಿದ್ದಿದ್ದು.”

ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಬಿರುಕು. ಗಾಳಿ ಅಲ್ಲಿಂದ ನುಗ್ಗಿತ್ತು. ಮೇಡಂ ಬಿರುಕಿಗೆ ಮೇಣ ಮೆತ್ತಿಸಿ ಆ ಹುಡುಗಿಯ ಕೈಯಿಂದಲೇ ಪ್ರಯೋಗ ಮಾಡಿಸಿದರು. ಒಂದು ಹನಿಯೂ ಬೀಳಲಿಲ್ಲ. ನಾನು ನೀರಿಗೆ ಬಿದ್ದ ಬೆಕ್ಕಿನಂತೆ ಮೂಲೆಯಲ್ಲಿ ನಿಂತು ನೋಡಿದೆ.

ಅವರ ವರದಿಯಲ್ಲಿ ಇದ್ದದ್ದು ಇಷ್ಟೇ: ಪ್ರಯೋಗ ಕೆಟ್ಟದ್ದು ದೋಷವಲ್ಲ, ಕಂಡದ್ದನ್ನು ಹೇಳಹೊರಟ ಮಗುವನ್ನು ಕೂರಿಸಿದ್ದು ದೋಷ, ಮೂರು ತಿಂಗಳ ನಂತರ ಮತ್ತೆ ನೋಡತಕ್ಕದ್ದು. ನನಗೆ ಅವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಆ ಮೂರು ತಿಂಗಳು ಪ್ರತಿ ಗುರುವಾರ, ತಮ್ಮ ಬಿಡುವಿನ ಅವಧಿಯನ್ನು ಬಿಟ್ಟುಕೊಟ್ಟು, ಅವರು ನನ್ನ ತರಗತಿಗೆ ಬಂದು ಕುಳಿತರು. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದನ್ನು ನನಗೆ ಕಲಿಸಿದವರು ಅವರೇ. ಆ ಹುಡುಗಿಯ ಬಳಿ ಕ್ಷಮೆ ಕೇಳಿದಾಗ ಅವಳು, “ಪರವಾಗಿಲ್ಲ ಸರ್. ಇನ್ನೊಂದು ಸಲ ತಲೆ ಮೇಲೆ ಮಾಡ್ತೀರಾ?” ಎಂದಳು. ಎರಡನೇ ವರದಿಯಿಂದ ನನ್ನ ಕೆಲಸ ಕಾಯಂ ಆಯಿತು.

ಮೊನ್ನೆ ಧೈರ್ಯ ಮಾಡಿ ಕೇಳಿದೆ, ಅಂದು ಅಷ್ಟು ಕಟ್ಟುನಿಟ್ಟು ಯಾಕೆ ಎಂದು. ಪ್ರಯೋಗಾಲಯದ ಕಪಾಟಿಗೆ ಬೀಗ ಹಾಕುತ್ತಿದ್ದವರು ಕೀಲಿಕೈಯನ್ನು ಅಲ್ಲೇ ಬಿಟ್ಟು ನನ್ನತ್ತ ತಿರುಗಿದರು.

“ನನ್ನ ಮೊದಲ್ನೇ ವರ್ಷ, ಆಯಸ್ಕಾಂತದ ಪಾಠ. ಒಬ್ಬ ಹುಡುಗ ಕೈ ಎತ್ತಿದ್ದ. ‘ಆಮೇಲೆ ಹೇಳು, ಕೂತ್ಕೋ’ ಅಂದೆ, ಮರೆತುಬಿಟ್ಟೆ. ಮುಂದಿನ ವಾರ ಅವರ ಮನೆಯವರು ಊರು ಬಿಟ್ಟುಹೋದ್ರು. ಅವನು ಏನು ನೋಡಿದ್ದ ಅಂತ ಇವತ್ತಿಗೂ ಗೊತ್ತಿಲ್ಲ ಮೇಷ್ಟ್ರೇ.”

ಮೇಡಂ ನೂರು ವರ್ಷ ಸುಖವಾಗಿ ಬಾಳಲಿ, ಅವರ ‘ಯಾಕೆ’ಗಳು ಮನೆಯಲ್ಲೂ ಮುಂದುವರಿಯಲಿ ಎಂದು ಮನಸಾರೆ ಹಾರೈಸುತ್ತೇನೆ. ಅಂದು ಕೈ ಎತ್ತಿದ್ದ ಹುಡುಗನಿಗೆ ಈಗ ಐವತ್ತು ಸಮೀಪಿಸಿರಬೇಕು. ಈ ಪುಟ ನಿಮ್ಮ ಕಣ್ಣಿಗೆ ಬಿದ್ದರೆ, ದಯವಿಟ್ಟು ಮೇಡಂ ಮನೆಗೆ ಒಮ್ಮೆ ಬನ್ನಿ. ಅಂದು ನೀವು ಏನು ನೋಡಿದಿರಿ ಎಂದು ಅವರಿಗೆ ಹೇಳಿ.