ಕಲಾಯಿ ವ್ಯಾನಿನ ಹಲಗೆ ಸಂದಿ

ಹೆದರಿಕೆ ಎದೆಯಲ್ಲಿ ಹುಟ್ಟುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನಗೆ ಹುಟ್ಟುವುದು ಹೊಟ್ಟೆಯಲ್ಲಿ. ಹಾವು ಕಂಡರೂ ಅಷ್ಟೆ, ಅತ್ತೆ ಕೂಗಿದರೂ ಅಷ್ಟೆ. ಎದೆಗೆ ಸುದ್ದಿ ಹೋಗುವುದು ಆಮೇಲೆ. ವಯಸ್ಸಾದ ಮೇಲೆ ಎಷ್ಟೋ ಹೆದರಿಕೆಗಳು ತಾವಾಗಿಯೇ ಬಿಟ್ಟುಹೋದವು. ಅತ್ತೆ ತೀರಿಹೋದರು. ಕಣ್ಣು ಮಂಜಾಗಿ ಹಾವೂ ಕಾಣುವುದಿಲ್ಲ. ಒಂದು ಮಾತ್ರ ಮಳೆ ಹಿಡಿದಾಗಲೆಲ್ಲ ಹೊಸದಾಗಿ ಬರುತ್ತದೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿರಬೇಕು. ಚಾಮರಾಜನಗರದಲ್ಲಿ ನಮ್ಮ ಹಿಂದಿನ ಬೀದಿಯ ಜೈಬು ನನ್ನ ಗೆಳತಿ. ಅವಳ ಗಂಡ ಖಾದರ್ ಸಾಬರು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ವ್ಯಾನೊಂದನ್ನು ತಂದು, ಅದರೊಳಗೇ ಗಾಳಿಯೂದುವ ತಿದಿ, ಒಲೆ, ಹಾಸಿಗೆ ಎಲ್ಲ ಇಟ್ಟುಕೊಂಡು ಊರೂರು ತಿರುಗುತ್ತಿದ್ದರು. ಹಗಲು ಅಂಗಡಿ, ರಾತ್ರಿ ಮನೆ. ಹಂಗಳದ ಗಂಡನ ಮನೆಯಲ್ಲಿ ನನ್ನ ತಂಗಿ ಹೆತ್ತಿದ್ದಳು, ನೋಡಲು ಹೋಗಬೇಕಿತ್ತು. "ಬಸ್ಸಿಗ್ಯಾಕೆ ಕಾಯ್ತೀಯ, ನಮ್ ಜೊತೆ ಬಾರಕ್ಕ, ಮಾತಾಡ್ಕೊಂಡು ಓಗನ" ಎಂದಳು ಜೈಬು. ಹೊರಟೆ.

ತೆರಕಣಾಂಬಿ ದಾಟಿದ ಮೇಲೆ ಮಳೆ ಆಕಾಶ ಹರಿದಂತೆ ಸುರಿಯಿತು. ರಸ್ತೆಗೆ ಅಡ್ಡ ಒಂದು ಹಳ್ಳ. ಮುಂದಿನ ಚಕ್ರ ನೀರಿಗಿಳಿದದ್ದೇ ಎಂಜಿನ್ ಸತ್ತಿತು. ಸಾಬರು ಕೆಳಗಿಳಿದು ಹ್ಯಾಂಡಲ್ ತಿರುಗಿಸತೊಡಗಿದರು. ನಾವಿಬ್ಬರೂ ಹಿಂದೆ, ಪಾತ್ರೆಗಳ ನಡುವೆ. ಮೇಲಿನ ಕ್ಯಾನ್ವಾಸು ಸೋರಿ ನಾನು ತೊಯ್ದು ತೊಪ್ಪೆಯಾಗಿದ್ದೆ. ಒಣ ಕುಪ್ಪಸ ಹಾಕಿಕೊಳ್ಳೋಣವೆಂದು ಹಸಿಯದನ್ನು ಬಿಚ್ಚಿ ಎಳೆದೆ. ಅದಕ್ಕೆ ಸಿಕ್ಕಿಕೊಂಡಿದ್ದ ಕೊರಳ ದಾರ ಪಟ್ಟನೆ ಕಿತ್ತು ಬಂತು.

ನಾವು ಲಿಂಗ ಕಟ್ಟಿದವರು. ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗುವಾಗಲೂ ಮೈಮೇಲಿರಬೇಕು. ಅದಕ್ಕೆ ಪೂಜೆಯಾಗದೆ ಬಾಯಿಗೆ ಹನಿ ನೀರಿಲ್ಲ. ಲಿಂಗ ಕಳೆದವರು ಪ್ರಾಣ ಇಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳುತ್ತಿದ್ದರು. ಹೇಳಿದವರು ಯಾರೂ ಕಳೆದುಕೊಂಡವರಲ್ಲ, ಬಿಡಿ. ದಾರ ಸವೆದರೆ ಹೊಸದು ಕಟ್ಟಬೇಕೆಂಬುದು ಶಾಸ್ತ್ರ, ಗಂಟಿನ ಮೇಲೆ ಗಂಟು ಹಾಕಿಕೊಂಡು ವರ್ಷ ತಳ್ಳುವುದು ನಮ್ಮ ಕೇರಿ ಹೆಂಗಸರ ರೂಢಿ.

ಸುತ್ತಿದ್ದ ಬಟ್ಟೆ ಬಿಚ್ಚಿಕೊಂಡು ಲಿಂಗ ವ್ಯಾನಿನ ನೆಲದ ಹಲಗೆಗಳ ಸಂದಿಗೆ ಬಿತ್ತು. ಬಗ್ಗಿ ನೋಡಿದೆ. ಕೆಳಗಿನ ತಗಡಿನ ಮೇಲೆ ಕರ್ರಗೆ ಕೂತಿದೆ. ಗೇಣು ದೂರದಲ್ಲಿ ತಗಡು ತುಕ್ಕು ಹಿಡಿದು ತೂತು. ತೂತಿನ ಕೆಳಗೆ ಕೆಂಪು ನೀರು ಓಡುತ್ತಿದೆ. ಗಾಡಿ ಒಂದು ಸಲ ಕುಲುಕಿದರೆ ಮುಗಿಯಿತು. ಎಂಜಿನ್ ಗುರುಗುಟ್ಟಿತು.

"ಗಾಡಿ ಎತ್ತಬ್ಯಾಡಿ!" ಎಂದು ಕಿರುಚಿದೆ.

"ನೀರು ಏರ್ತಾ ಅದೆ ಕಣಮ್ಮಾ! ಎಲ್ಲಾರೂ ತೇಲೋಗನ ಅಂತೀರಾ?" ಎಂದು ಸಾಬರು ಮುಂದಿನಿಂದ ಗದರಿದರು.

ಬಾಯಿಬಿಟ್ಟು ಹೇಳಿದರೆ ಕಳೆದದ್ದು ನಿಜವಾಗಿಬಿಡುತ್ತದೆ ಎಂದು ನನಗೆ ಹೆದರಿಕೆ. ಆದರೂ ಹೇಳಿದೆ. "ಜೈಬು, ಲಿಂಗ ಬಿದ್ದೋಯ್ತು ಕಣಮ್ಮಿ."

"ಯಾ ಅಲ್ಲಾ!" ಎಂದು ಅವಳು ಗಂಡನಿಗೆ ಸ್ವಲ್ಪ ತಾಳಿ ಎಂದು ಕೂಗಿ, ಹಲಗೆಯ ಮೇಲೆ ಬೋರಲು ಮಲಗಿದಳು. ನಾನು ಸಂದಿಗೆ ಕೈ ತೂರಿಸಿದೆ, ಮೊಣಕೈವರೆಗೂ ಇಳಿಯಲಿಲ್ಲ.

"ತೆಗಿ ಆ ಒನಕೆ ತೋಳ್ನ. ನನ್ ಕೈ ಓಯ್ತದೆ" ಎಂದು ತೋಳು ಇಳಿಸಿದವಳು ಅರ್ಧದಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು. "ಅಕ್ಕಾ, ನಾ ಮುಟ್ಟಬೋದಾ?"

ಅದಕ್ಕೆ ಉತ್ತರ ಹೇಳಬೇಕಾದವರು ಮಠದ ಅಯ್ಯನವರು. ಅವರು ಚಾಮರಾಜನಗರದಲ್ಲಿ ಉಂಡು ಮಲಗಿರಬೇಕು. ಸೋರಿದ ನೀರಿಗೆ ಲಿಂಗ ತೂತಿನ ಕಡೆ ಸ್ವಲ್ಪ ಜರುಗಿತು.

"ಮುಟ್ಟು ನಮ್ಮವ್ವ, ತೆಗಿ!"

ತೆಗೆದಳು. ನನ್ನ ಅಂಗೈಗೆ ಇಟ್ಟು, ಮುಟ್ಟಿದ ತನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ಕೂತಳು. "ಏನಾರಾ ಕೆಟ್ಟೋಯ್ತದಾ ಅಕ್ಕಾ?" ಎಂದಳು. ನನಗಿಂತ ಹೆಚ್ಚು ಬೆದರಿದ್ದಳು. ಅಷ್ಟರಲ್ಲಿ ವ್ಯಾನು ಕುಪ್ಪಳಿಸಿ ಹಿಂದಕ್ಕೆ ದಡ ಹತ್ತಿತು. ಪಾತ್ರೆಗಳೆಲ್ಲ ನಮ್ಮ ಮೇಲೆ ಉರುಳಿದವು.

ಮಳೆನೀರಿನಲ್ಲೇ ಲಿಂಗ ತೊಳೆದು ಪೂಜೆ ಮಾಡಿದೆ. ಜೈಬುವಿನ ಹೊಲಿಗೆ ದಾರವನ್ನೇ ಹುರಿ ಮಾಡಿ ಕಟ್ಟಿಕೊಂಡೆ. ಮಡಿ ಎಂಬುದಕ್ಕೆ ಸ್ವಲ್ಪ ಪುರಸೊತ್ತು ಬೇಕು. ತೂತಿನ ಪಕ್ಕದಲ್ಲಿ ಕೂತವರಿಗೆ ಅದು ಇರುವುದಿಲ್ಲ.

ಮಾರನೆಯ ದಿನ ಹಳ್ಳ ಇಳಿದು, ಗುಂಡ್ಲುಪೇಟೆ ದಾಟಿ ಹಂಗಳ ಸೇರಿದೆವು. ಜೈಬು ನೀರು ಕೇಳಿದಳು. ತಂಗಿಯ ಅತ್ತೆ ಚೊಂಬು ತಂದರು. ಜೈಬು ರೂಢಿಯಂತೆ ಜಗಲಿಯ ಕೆಳಗೆ ನಿಂತು ಬೊಗಸೆ ಒಡ್ಡಿದಳು. ಇವರು ಮೇಲಿಂದ ಹೊಯ್ಯಲು ಚೊಂಬು ಎತ್ತಿದರು. ನಾನು ಅದನ್ನು ಕಸಿದುಕೊಂಡು ಜೈಬುವಿನ ಕೈಗೆ ಕೊಟ್ಟುಬಿಟ್ಟೆ.

"ಇದೇನವ್ವಾ, ತಲೆಗಿಲೆ ಕೆಟ್ಟದಾ?" ಎಂದು ತಂಗಿಯ ಅತ್ತೆ ಗದರಿದರು.

ಅವಳು ನನ್ನ ಲಿಂಗ ಮುಟ್ಟಿದ ನಿಜ ಹೇಳಿದರೆ ಚೊಂಬಿನ ಜೊತೆ ನನ್ನನ್ನೂ ಹೊರಗಿಡುತ್ತಿದ್ದರು. ಜೈಬು ಬೇಡ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದಳು.

"ಅವಳ ಕೈ ನಡುಗ್ತವೆ ಕಣವ್ವ, ಬೊಗಸೇಲಿ ನೀರು ನಿಲ್ಲಕಿಲ್ಲ" ಎಂದೆ.

ಜೈಬು ಜಾಣೆ. ಒಡನೆಯೇ ಎರಡೂ ಕೈ ನಡುಗಿಸಿದಳು. ನಿಜವಾಗಿ ನಡುಗುತ್ತಿದ್ದದ್ದು ನನ್ನವು, ಸೆರಗಿನೊಳಗೆ. ಹಳ್ಳದ ತುಂಬ ನೀರು ಕಂಡಾಗ ಹೆದರಿದ್ದು ಸರಿಯೇ. ಒಂದು ಚೊಂಬು ನೀರಿಗೆ ಅದಕ್ಕಿಂತ ಹೆಚ್ಚು ಹೆದರಿದೆ. ಜೈಬು ಮಾತ್ರ ಚೊಂಬು ಬರಿದಾಗುವವರೆಗೆ ಇಳಿಸಲಿಲ್ಲ.