ಉಪ್ಪು ನೀರು ಹೊಯ್ದ ಉಚ್ಚೀರಪ್ಪ

ನಮ್ಮೂರು ಹಗರಿ ನದಿಯ ಮೂಡಣ ದಂಡೆಯಲ್ಲಿದೆ. ಆಷಾಢದ ಗಾಳಿ ಪಡುವಣದಿಂದ ಬೀಸುವಾಗ ಹೊಳೆಯ ಮರಳು ಎದ್ದು ಊರೊಳಗೆ ಬರುತ್ತದೆ. ಪಡುವಣ ಅಂಚಿನ ಒಂಬತ್ತು ಮನೆಗಳು ಹಾಗೆ ಹೂತುಹೋಗಿದ್ದವು. ಹತ್ತನೆಯದು ಉಚ್ಚೀರಪ್ಪನದು. ಅವನೂ ಹೆಂಡತಿ ಜಂಬಮ್ಮನೂ ಪ್ರತಿ ಶ್ರಾವಣ ಗೋಡೆಗೆ ಏರಿದ ಮರಳನ್ನು ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದರು. 1954ರ ಹೊತ್ತಿಗೆ ಅದು ಎದೆಮಟ್ಟಕ್ಕೆ ಬಂದಿತ್ತು.

ಆ ವರ್ಷ, ಸಮುದ್ರದ ಕಡೆಯಿಂದ ವರ್ಗವಾಗಿ ಬಂದಿದ್ದ ಫಾರೆಸ್ಟ್ ಗಾರ್ಡು ಯುಗಾದಿಗೆ ತನ್ನೂರಿಗೆ ಹೋಗಿ, ಬರುವಾಗ ಒದ್ದೆ ಗೋಣಿಯಲ್ಲಿ ಒಂದು ಹುಲ್ಲಿನ ಗೆಣ್ಣುಗಳನ್ನು ತಂದ. ಅವರ ಕಡೆ ಅದಕ್ಕೆ ರಾವಣನ ಮೀಸೆ ಎನ್ನುತ್ತಾರಂತೆ. ಗರಿ ಸೂಜಿಯಂತೆ ಚುಚ್ಚುತ್ತದೆ. ಬಳ್ಳಿ ಮರಳ ಮೇಲೆ ಹರಿದು, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ದಿಬ್ಬವನ್ನು ಕದಲದಂತೆ ಹಿಡಿಯುತ್ತದೆ. ಉಚ್ಚೀರಪ್ಪನ ಗೋಡೆಯಾಚೆಯ ದಿಬ್ಬದಲ್ಲಿ ಇನ್ನೂರು ಗೆಣ್ಣು ನೆಡಿಸಿ, ಗಾಳಿ ಬರುವುದರೊಳಗೆ ಬೇರು ಹಿಡಿದರೆ ಮನೆ ಉಳಿಯುತ್ತದೆ ಎಂದ. ಹೋಗುವಾಗ ಇನ್ನೊಂದು ಮಾತು ಹೇಳಿದ.

"ಇದು ಸಮುದ್ರದ ಹುಲ್ಲು, ಉಚ್ಚೀರಪ್ಪ. ಉಪ್ಪಿನಾಗೇ ಹುಟ್ಟಿ ಬೆಳದೈತಿ."

ಉಚ್ಚೀರಪ್ಪ ಸಮುದ್ರ ಕಂಡವನಲ್ಲ. ಆದರೆ ಹೊಸ ಮನೆಗೆ ಹೋಗುವಾಗ ಮೊದಲು ಉಪ್ಪನ್ನು ಒಳಗೊಯ್ಯುವುದು ನಮ್ಮ ಪದ್ಧತಿ. ಅಷ್ಟು ದೂರದಿಂದ ಬಂದ ಹುಲ್ಲಿಗೆ ಬರೀ ಸಿಹಿನೀರು ಒಗ್ಗಲಾರದು ಎಂದುಕೊಂಡ. ಸಂತೆಯಿಂದ ಕಲ್ಲುಪ್ಪು ತಂದು, ಹೊಳೆಯ ಒರತೆಯಲ್ಲಿ ತುಂಬಿದ ಪ್ರತಿ ಕೊಡಕ್ಕೂ ಎರಡು ಹಿಡಿ ಕದಡಿದ. ಗಂಡ ಹೆಂಡತಿ ಬೆಳಿಗ್ಗೆ ಸಂಜೆ ಹೊತ್ತು ಹೊಯ್ದರು.

"ಏನ್ ಮಾವ, ಹುಲ್ಲಿಗೆ ಉಪ್ಪಿನಕಾಯಿ ಹಾಕಾಕತ್ತೀಯೇನು?" ಎಂದು ನೆರೆಮನೆಯ ದುರುಗಣ್ಣ ನಗುತ್ತಿದ್ದ.

ಇಪ್ಪತ್ತು ದಿನಕ್ಕೆ ಗರಿಗಳ ತುದಿ ಹಳದಿಯಾಯಿತು. ಉಪ್ಪು ಸಾಲದೇನೋ ಎಂದು ಉಚ್ಚೀರಪ್ಪ ಮೂರು ಹಿಡಿ ಹಾಕತೊಡಗಿದ.

ಜ್ಯೇಷ್ಠದ ಕೊನೆಗೆ ಗಾರ್ಡು ಬಂದು ಒಂದು ಗೆಣ್ಣು ಕಿತ್ತು ನೋಡಿದ. ಬೇರು ಕಪ್ಪಾಗಿತ್ತು, ಸುತ್ತಲ ಮರಳು ಬೆಳ್ಳಗೆ ಹೆಪ್ಪುಗಟ್ಟಿತ್ತು. ಏನು ಹಾಕಿದಿರಿ ಎಂದು ಕೇಳಿದ. ಜಂಬಮ್ಮ ಹೇಳಿದಳು. ಅವನು ಬೈಯಲಿಲ್ಲ. ಸಮುದ್ರದ ಬಳಿಯೂ ಆ ಹುಲ್ಲು ಕುಡಿಯುವುದು ಮರಳಿಗೆ ಇಳಿದ ಮಳೆನೀರನ್ನೇ, ಉಪ್ಪು ಗಾಳಿಯಲ್ಲಿ ಬಂದು ತಾಗುವುದಷ್ಟೇ ಎಂದ. ದಿಬ್ಬದ ಕೆಳತುದಿಯಲ್ಲಿ, ಕೊಡದ ನೀರು ತಾಗದೆ ಹೊಳೆಯ ತೇವದಲ್ಲೇ ಇದ್ದ ನಾಲ್ಕು ಗೆಣ್ಣು ಚಿಗುರಿದ್ದವು. ಉಚ್ಚೀರಪ್ಪ ಅವುಗಳ ಮುಂದೆ ಬಹಳ ಹೊತ್ತು ಕುಳಿತಿದ್ದ. ಗಾಳಿಗೆ ಇನ್ನು ಎಂಟೇ ದಿನವಿತ್ತು.

ಗಾಳಿಯ ಮೂರನೆಯ ವಾರ ಹಿಂದಿನ ಗೋಡೆ ಒಳಕ್ಕೆ ಬಿತ್ತು. ಆ ನಾಲ್ಕು ಗೆಣ್ಣೂ ಅಷ್ಟರಲ್ಲಿ ಮರಳಲ್ಲಿ ಮುಚ್ಚಿಹೋಗಿದ್ದವು. ತೊಲೆ, ಬಾಗಿಲುಗಳನ್ನು ಬಿಚ್ಚಿ ದುರುಗಣ್ಣನ ಬಂಡಿಗೆ ಹೇರಿ ಕೂಲಿ ಸಿಗುವ ಆಸ್ಪರಿ ಊರಿಗೆ ಹೊರಟರು. ಊರು ದಾಟಿದ ಮೇಲೆ ಉಚ್ಚೀರಪ್ಪ ಬಾಯಿಬಿಟ್ಟ.

"ನಾನೇ ಕೈಯಾರೆ ಕೆಡಿಸಿದೆ."

"ಅರ್ಧಕ್ಕರ್ಧ ಕೊಡ ನಾನೂ ಹೊತ್ತೀನಿ. ಸುಮ್ಕ ಕುಂದ್ರು" ಎಂದಳು ಜಂಬಮ್ಮ.

ಆಸ್ಪರಿಯಲ್ಲಿ ಅವನು ಶೇಂಗಾ ಬಿಡಿಸುವ ಕೂಲಿ ಮಾಡಿಕೊಂಡು ನಾಲ್ಕು ವರ್ಷ ಬದುಕಿದ. ಊರಿಗೆ ಒಮ್ಮೆಯೂ ಬರಲಿಲ್ಲ. ಬಂದಿದ್ದರೂ ಮನೆಯಿದ್ದ ಜಾಗವನ್ನು ಗುರುತಿಸಲು ಆಗುತ್ತಿರಲಿಲ್ಲ.